ಹುಳಿ ಇತ್ತು

ಇದನ್ನು ಹೇಳಬೇಕು ಎಂದುಕೊಂಡು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಬೇಸಿಗೆ ಕಳೆಯಲಿ ಎಂದೆ. ಆಮೇಲೆ ಕನ್ನಡಕದ ನಂಬರು ಬದಲಾಗಿದೆ, ಹೊಸದು ಬರಲಿ ಎಂದೆ. ಹೊಸ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮೊಬೈಲಿನಲ್ಲಿ ಕಾಫಿ ವಿಡಿಯೋ ನೋಡಿದೆನೇ ಹೊರತು ಪೆನ್ನು ಹಿಡಿಯಲಿಲ್ಲ. ಹೇಳಬೇಕಾದ ಮಾತು ಒಂದು ಸಾಲಿನದು. ಅದು ಬಾಯಿಗೆ ಬರುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕಪ್ಪು ಏಪ್ರನ್ ಕಟ್ಟಿಕೊಂಡು, ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡು, ಯಾವುದೋ ದೇಶದ ತಣ್ಣನೆಯ ಅಡುಗೆಮನೆಯಲ್ಲಿ ನಿಂತು ಮೆಹದಿಪಟ್ಟಣಂನ ಮುದುಕನಿಗೆ ಕಾಫಿ ಕಲಿಸುವವರ ಮೇಲೆ ನನಗೆ ಸಿಟ್ಟಿದೆ. ಅವರ ಮಾತು ಕೇಳಿದ ಮುದುಕನ ಮೇಲೆ ಅದಕ್ಕಿಂತ ಹೆಚ್ಚು.

ನಾನು ಮೆಟ್ರಿಕ್ ಮುಗಿಸಿ ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದವನು. ಅಣ್ಣ ಇಲ್ಲಿ ಸರ್ಕಾರಿ ಕಚೇರಿಯಲ್ಲಿದ್ದ. ಹೊಸದಾಗಿ ಮದುವೆಯಾಗಿದ್ದ. ಅವನ ಎರಡು ಕೋಣೆಯ ಮನೆಯಲ್ಲಿ ಒಂದು ಮೂಲೆ ಹಿಡಿದು, ವೈನಿ, ಅಂದರೆ ಅತ್ತಿಗೆ, ಮಾಡಿ ಹಾಕಿದ್ದನ್ನು ಉಂಡು ಬೆಳೆದೆ. ಅಣ್ಣನ ಮಾತಿನ ಮೇಲೆ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅದೇ ಕೆಲಸ. ಹಬೆ, ಒತ್ತಡ, ವಾಲ್ವು, ಗಡಸು ನೀರು ಕಟ್ಟಿಸುವ ಸುಣ್ಣದ ಪದರ, ಇವೆಲ್ಲ ನನಗೆ ಅಂಗೈಯ ಗೆರೆ ಇದ್ದಂತೆ. ಆ ಜಂಬ ಇತ್ತು. ಈಗಲೂ ಇಲ್ಲವೆನ್ನಲಾರೆ.

ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ದೇವರಿಗೆ ಇಡುವ ಮೊದಲು ನಾಲಿಗೆಗೆ ಹಚ್ಚಿದರೆ ಎಂಜಲು. ಉಪ್ಪು ಕೈಯಳತೆ, ಹುಳಿ ಕಣ್ಣಳತೆ. ಆಮೇಲೆ ಮನೆಯ ಹಿರಿಯ ಗಂಡಸು ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟು ಹೇಳಬೇಕು. ಉಪ್ಪು ಕಮ್ಮಿ. ಖಾರ ಹೆಚ್ಚು. ಅಥವಾ ಏನೂ ಹೇಳದೆ ಎರಡನೆಯ ತುತ್ತಿಗೆ ಕೈ ಹಾಕಬೇಕು. ಅಂದರೆ ಸರಿ ಇದೆ ಎಂದರ್ಥ. ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಗಸು ಆ ಎರಡನೆಯ ತುತ್ತನ್ನು ಕಾಯುತ್ತಿರುತ್ತಾಳೆ. ಅವಳು ಆಮೇಲೆ ಉಂಡಾಗ ಅವಳಿಗೇನನ್ನಿಸಿತು ಎಂದು ಯಾರೂ ಕೇಳುವುದಿಲ್ಲ. ತೀರ್ಪು ಅಷ್ಟರಲ್ಲಿ ಬಂದಾಗಿರುತ್ತದೆ. ಅಣ್ಣ ಇರುವವರೆಗೆ ಆ ತುತ್ತು ಅವನದು. ಅವನು ಹೋದಮೇಲೆ ನನ್ನದಾಯಿತು.

ಅಣ್ಣನಿಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿ ಅವನಿಗಿಂತ ಮೊದಲೇ ತೀರಿಕೊಂಡಿದ್ದಳು. ಇದ್ದೊಬ್ಬ ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಹಾಗಾಗಿ ವೈನಿ ನನ್ನ ಮನೆಗೆ ಬಂದರು. ಬಂದ ದಿನದಿಂದ ಅವರ ಮಾತು ಬದಲಾಯಿತು. ಅಣ್ಣನ ಮನೆಯಲ್ಲಿ “ಏ ತಮ್ಮಾ, ಕೈ ತೊಳ್ಕೊಂಡು ಬಾ, ಎಷ್ಟೊತ್ತು ನಿನ್ನ ಸಲುವಾಗಿ ಕಾಯೋದು” ಎಂದು ಗದರುತ್ತಿದ್ದವರು, ನನ್ನ ಮನೆಯಲ್ಲಿ “ಊಟಕ್ಕ ಏಳ್ರಿ” ಎನ್ನತೊಡಗಿದರು. ನನ್ನನ್ನು ಹದಿಹರೆಯದಿಂದ ಉಣಿಸಿ ಬೆಳೆಸಿದವರು ನನಗೆ ಬಹುವಚನ ಹಚ್ಚಿದರು. ಬೇಡ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಕೇಳಲು ಚೆನ್ನಾಗಿತ್ತು.

ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ಜ್ವರದ ಕಾಲದಲ್ಲಿ ನಮ್ಮಿಬ್ಬರಿಗೂ ಜ್ವರ ಬಂತು. ನಾನು ಎದ್ದು ಓಡಾಡಿದೆ. ವೈನಿಯೂ ಎದ್ದರು, ಆದರೆ ರುಚಿ ವಾಸನೆ ಎರಡೂ ಹೋಗಿದ್ದವು. ವಾರದಲ್ಲಿ ಬರುತ್ತದೆ ಎಂದರು, ತಿಂಗಳಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಅವರ ಬಾಯಿಗೆ ಜೋಳದ ರೊಟ್ಟಿಯೂ ಒಂದೇ, ರಟ್ಟೂ ಒಂದೇ. ಒಮ್ಮೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಕಲಸಿಕೊಂಡು ಅರ್ಧ ರೊಟ್ಟಿ ತಿಂದು, “ಗೋಡಿ ಸುಣ್ಣ ತಿಂದಂಗ ಆಗತೈತ್ರಿ” ಎಂದು ನಕ್ಕರು. ನಗುವಾಗ ಕಣ್ಣು ಒದ್ದೆ ಇದ್ದವು. ನಾನು ಪತ್ರಿಕೆ ಎತ್ತಿಕೊಂಡೆ. ಅಡುಗೆ ಮಾತ್ರ ಬಿಡಲಿಲ್ಲ. ಕೈಯಳತೆ ಕೈಯಲ್ಲಿತ್ತಲ್ಲ. ಆದರೆ ಹಿಂದೆ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದವರು ಈಗ ಬಾಯಿ ಬಿಟ್ಟು ಕೇಳುತ್ತಿದ್ದರು. “ಉಪ್ಪು ಸರಿ ಐತಿಲ್ರಿ?” ಪ್ರತಿ ಊಟಕ್ಕೂ ಕೇಳುತ್ತಿದ್ದರು. ಅವರ ನಾಲಿಗೆ ನನ್ನ ಬಾಯಲ್ಲಿತ್ತು.

ನಮ್ಮ ಮೇಲಿನ ಪೋರ್ಷನ್‌ನಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದರು. ಇಬ್ಬರೂ ಕಂಪ್ಯೂಟರ್ ಕೆಲಸದವರು. ಕಚೇರಿ ಊರಿನ ಇನ್ನೊಂದು ತುದಿಯ ಉಪ್ಪಲ್ ಕಡೆಗೆ ಹೋಯಿತೆಂದು ಮನೆ ಬಿಟ್ಟರು. ಹೊರಡುವ ದಿನ ಆ ಹುಡುಗ ಎರಡು ಕೈಯಲ್ಲಿ ಒಂದು ಉಕ್ಕಿನ ಪೆಟ್ಟಿಗೆ ಹೊತ್ತು ಕೆಳಗಿಳಿದು ಬಂದ.

“ಅಂಕಲ್, ಇದು ನಿಮ್ಮತ್ರ ಇರ್ಲಿ. ಆ ಹೊಸ ಮನೆಯ ಅಡುಗೆಕೋಣೆಯಲ್ಲಿ ಇಬ್ಬರು ನಿಂತ್ರೆ ಮೂರನೆಯವರು ಹೊರಗೆ ನಿಲ್ಬೇಕು ಮಾರಾಯ್ರೆ. ಇದನ್ನು ಎಲ್ಲಿಡುದು?”

ಎಸ್ಪ್ರೆಸೊ ಮಷಿನ್. ಬೀಸುವ ಯಂತ್ರವೊಂದು ಜೊತೆಗೆ. ಎದುರಿಗೆ ಒತ್ತಡದ ಮುಳ್ಳು. ಆ ಮುಳ್ಳು ಕಂಡದ್ದೇ ನನ್ನ ಎದೆ ಉಬ್ಬಿತು. ಇದೂ ಒಂದು ಬಾಯ್ಲರ್ ಅಲ್ಲವೇ, ಮುಷ್ಟಿಯಷ್ಟು. ಇದನ್ನು ನನಗೆ ಯಾರು ಕಲಿಸಬೇಕು?

ವೈನಿ ಸೆರಗಿನ ತುದಿಯಿಂದ ಅದರ ಮೈ ಒರೆಸಿದರು. “ಇದರಾಗಿನ ಕಾಫಿ ಭಾಳ ಕಡಕ್ ಇರ್ತೈತೇನ್ರಿ?”

“ಕಡಕ್ ಅಂದ್ರ ಕಡಕ್. ನಿಮ್ಮ ನಾಲಿಗಿನ ಎದ್ದು ಕೂಡ್ತೈತಿ ನೋಡ್ರಿ.”

ಅದು ಅವರಿಗೆ ತಟ್ಟಿತು. ಜ್ವರದ ನಂತರ ಡಾಕ್ಟರು ದಿನಾ ಲವಂಗ, ನಿಂಬೆ, ಕಾಫಿಪುಡಿ ಮೂಸಿ ನೋಡಿ ಎಂದಿದ್ದರು. ಅವರು ತಪ್ಪದೆ ಮೂಸುತ್ತಿದ್ದರು. ಇನ್ನು ಈ ಕಡಕ್ ಕಾಫಿಯಾದರೂ ನಾಲಿಗೆಗೆ ಹತ್ತೀತು ಎಂಬ ಆಸೆ. ಮೊದಲ ಆಸೆ ಹುಟ್ಟಿಸಿದವನು ನಾನೇ ಎಂಬುದನ್ನು ಇಲ್ಲಿ ಗುರುತು ಹಾಕಿಡುತ್ತೇನೆ.

ಮೊದಲ ದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಪುಡಿ ಅಂಗಡಿಗೆ ಹೋದೆ. “ಚಾಚಾ, ಚಿಕೋರಿ ಕಿತ್ತಾ ಡಾಲೂ?” ಎಂದು ಅಂಗಡಿಯವ ಕೇಳಿದ. ಮನೆಗೆ ಯಾವಾಗಲೂ ಒಯ್ಯುವಷ್ಟು ಹಾಕು ಎಂದೆ. ಚಿಕೋರಿ ಹಾಕಿದ ಆ ಪುಡಿ ಮಷಿನ್ನಿನಲ್ಲಿ ಅಂಟಿನಂತೆ ಕಚ್ಚಿಕೊಂಡಿತು. ಮುಳ್ಳು ಕೆಂಪಿಗೆ ಹೋಯಿತು, ಮೋಟಾರು ಎತ್ತು ನರಳಿದಂತೆ ನರಳಿತು, ಬಟ್ಟಲಿಗೆ ಒಂದು ಹನಿ ಬೀಳಲಿಲ್ಲ. ಪುಡಿ ತುಂಬಿದ ಹಿಡಿಯನ್ನು ಬಿಚ್ಚಿದ್ದೇ ತಡ, ಕಪ್ಪು ಕೆಸರು ನನ್ನ ಅಂಗಿ, ಗೋಡೆ, ಮೇಲಿನ ದೇವರ ಕ್ಯಾಲೆಂಡರು ಎಲ್ಲದಕ್ಕೂ ಹಾರಿತು.

“ಬಾಯ್ಲರ್ ಸಾಹೇಬ್ರು ಹೋಳಿ ಆಡಾಕತ್ತಾರ,” ಎಂದರು ವೈನಿ. ಗೋಡೆ ಒರೆಸಿದವರೂ ಅವರೇ.

ಅವತ್ತೇ ಮೊಬೈಲಿಗೆ ಮೊರೆ ಹೋದೆ. ಆ ದಿನ ಹೊಕ್ಕವನು ಹೊರಗೆ ಬರಲಿಲ್ಲ.

ಒಬ್ಬ ಹೇಳುತ್ತಾನೆ, ಪುಡಿ ಹಿಟ್ಟಿನಂತಿರಬೇಕು. ಇನ್ನೊಬ್ಬ ಹೇಳುತ್ತಾನೆ, ಹಿಟ್ಟಿನಂತಿದ್ದರೆ ನಿಮ್ಮ ಮಷಿನ್ ಹಾಳು. ಒಬ್ಬ ತೋಳಿನ ಬಲವೆಲ್ಲ ಹಾಕಿ ಪುಡಿ ಒತ್ತುತ್ತಾನೆ. ಇನ್ನೊಬ್ಬ, ಬಲದಿಂದ ಏನೂ ಆಗುವುದಿಲ್ಲ, ಮಟ್ಟವಾಗಿದ್ದರೆ ಸಾಕು ಎಂದು ನಗುತ್ತಾನೆ. ಆರ್‌ಓ ನೀರೇ ಹಾಕಿ ಎನ್ನುವವನ ಪಕ್ಕದಲ್ಲೇ, ಆರ್‌ಓ ನೀರು ಹಾಕಿದವನಿಗೆ ಕಾಫಿಯ ಗಂಧವೇ ಗೊತ್ತಿಲ್ಲ ಎನ್ನುವವನು. ಸೂಜಿ ಕಟ್ಟಿದ ಬಿರಡೆಯಿಂದ ಪುಡಿ ಕೆದಕಿ ಎನ್ನುತ್ತಾರೆ. ಬೀಜಕ್ಕೆ ನೀರು ಸಿಂಪಡಿಸಿ ಎನ್ನುತ್ತಾರೆ. ಎಲ್ಲರೂ ದೇವರ ಮುಂದೆ ಪ್ರಮಾಣ ಮಾಡಿದವರಂತೆ ಮಾತಾಡುತ್ತಾರೆ. ತಪ್ಪಾದರೆ ಬಂದು ಗೋಡೆ ಒರೆಸುವವರು ಒಬ್ಬರೂ ಇಲ್ಲ.

ಇವರಲ್ಲಿ ಯಾರನ್ನು ನಂಬುವುದು? ನಾನು ಹಿಡಿದ ತಕ್ಕಡಿ ಹೇಳಿದರೆ ನಾಚಿಕೆ. ಯಾರ ವಿಡಿಯೋವನ್ನು ಹೆಚ್ಚು ಜನ ನೋಡಿದ್ದಾರೋ ಅವರ ಮಾತು ನಿಜ ಎಂದುಕೊಂಡೆ. ಒಬ್ಬ ಹೆಂಗಸಿನ ಚಿಕ್ಕ ವಿಡಿಯೋ ಇತ್ತು. ಸಾದಾ ಸೀರೆ, ಹಿಂದೆ ಕುಕ್ಕರು, ಬೆಳಕೂ ಸರಿ ಇಲ್ಲ. ಆಕೆ ಹೇಳಿದ್ದಿಷ್ಟು: “ನಾನು ಹೇಳೋ ಅಳತೆ ನನ್ನ ಬೀಜಕ್ಕೆ, ನನ್ನ ನೀರಿಗೆ. ನೀವು ಕುಡಿದು ನೋಡಿ. ಹುಳಿ ಅನ್ನಿಸಿದ್ರೆ ಪುಡಿ ಸ್ವಲ್ಪ ಸಣ್ಣ ಮಾಡಿ, ಕಹಿ ಅನ್ನಿಸಿದ್ರೆ ಸ್ವಲ್ಪ ದಪ್ಪ ಮಾಡಿ. ನಿಮ್ಮ ನಾಲಿಗೆ ಬಿಟ್ರೆ ಬೇರೆ ಗುರು ಇಲ್ಲ.” ಇದನ್ನು ನೋಡಿದವರೇ ಕಡಿಮೆ, ಈಕೆ ಏನು ಬಲ್ಲಳು ಎಂದು ಅರ್ಧಕ್ಕೇ ತಳ್ಳಿದೆ. ಇವತ್ತು ಹೇಳುತ್ತೇನೆ, ನಾನು ನೋಡಿದ ರಾಶಿ ವಿಡಿಯೋಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಆದರೆ ಕುಡಿದು ನೋಡುವುದು ನಮ್ಮಲ್ಲಿ ಇಲ್ಲವಲ್ಲ. ಮಾಡಿದವನು ಮೊದಲು ಬಾಯಿಗೆ ಹಚ್ಚುವುದು ನನ್ನ ಮೈಗೇ ಒಗ್ಗದು. ಬೇರೆಯವರಿಗೆ ಕೊಟ್ಟು, ಅವರ ಮುಖ ನೋಡಿ, ಆಮೇಲೆ ನಾನು ಕುಡಿಯಬೇಕು. ಹಾಗಾಗಿ ನಾಲಿಗೆ ಬಿಟ್ಟು ಉಳಿದೆಲ್ಲವನ್ನೂ ಹಿಡಿದುಕೊಂಡೆ. ತೂಕ, ಸೆಕೆಂಡು, ಕಾಫಿಯ ಮೇಲೆ ಕಟ್ಟುವ ಕೆನೆಯ ಬಣ್ಣ, ಧಾರೆಯ ದಪ್ಪ. ಹಬೆಯ ಕೆಲಸದವನಿಗೆ ಅಂಕಿ ಸಿಕ್ಕರೆ ಹಬ್ಬ.

ವೈನಿ ದಿನವೂ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಮೇಜಿನ ತುದಿಯಲ್ಲಿ ಕೂರುತ್ತಿದ್ದರು. ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕೊಡುತ್ತಿದ್ದೆ. ಕಣ್ಣು ಮುಚ್ಚಿ ಬಾಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನಾನು ಅವರ ಮುಖ ನೋಡುತ್ತ ನಿಲ್ಲುತ್ತಿದ್ದೆ. ನುಂಗಿ, ಕಣ್ಣು ತೆರೆದು, “ಬಿಸಿ ಐತಿ. ಅಷ್ಟ,” ಎನ್ನುತ್ತಿದ್ದರು. ಮರುದಿನ ಮತ್ತೆ ಬಂದು ಕೂರುತ್ತಿದ್ದರು. ಎಂಥ ತಾಳ್ಮೆ ಬೇಕು ಅದಕ್ಕೆ. ನನಗೆ ಮೊಬೈಲ್ ಒಂದು ಗಳಿಗೆ ತಿರುಗುತ್ತ ನಿಂತರೆ ಸಿಟ್ಟು ಬರುತ್ತದೆ.

ಆ ಉಡುಪಿ ಹುಡುಗ ನನ್ನನ್ನು ಮೊಬೈಲಿನ ಒಂದು ಗುಂಪಿಗೆ ಸೇರಿಸಿದ್ದ. ಮನೆಯಲ್ಲಿ ಕಾಫಿ ಮಾಡುವ ಕನ್ನಡದವರ ಗುಂಪು. ನಾನು ನನ್ನ ಕಾಫಿಯ ಫೋಟೋ ಹಾಕಿ, ಕೆಲವು ಸಲ ಹುಳಿ ಬರುತ್ತಿದೆ, ಮಷಿನ್ನಿನ ದೋಷವೇ ಎಂದು ಕೇಳಿದೆ. ಮುಖ ಕಾಣದ ಒಬ್ಬ ಬರೆದ: “ಅಜ್ಜಾವ್ರೇ, ಹುಳಿ ಬಂದ್ರೆ ದೋಷ ಮಷಿನ್ದಲ್ಲ, ಕೈದು. ನಿಮ್ಗೆ ಫಿಲ್ಟರ್ ಕಾಫಿನೇ ಸಾಕು.” ಕೆಳಗೆ ಹಲ್ಲು ಕಿರಿಯುವ ಮುಖಗಳ ಸಾಲು. ನನ್ನ ಮೊಮ್ಮಗನ ವಯಸ್ಸಿನವರು. ಅವತ್ತಿಡೀ ಹಲ್ಲು ಕಡಿದೆ. ಬಾಯ್ಲರ್ ಮನೆಯಲ್ಲಿ ನನ್ನ ಕೈ ಬಗ್ಗೆ ಯಾವ ಎಂಜಿನಿಯರನೂ ಮಾತಾಡಿರಲಿಲ್ಲ. ಹುಳಿ ಎಂಬ ಮಾತೇ ನನಗೆ ಬೈಗುಳವಾಯಿತು.

ಒಂದು ಭಾನುವಾರ ಆ ಗಂಡ ಹೆಂಡತಿಯನ್ನು ಕಾಫಿಗೆ ಕರೆದೆ. ಮಷಿನ್ ಕೊಟ್ಟವನಿಗೆ ಅದರ ಕಾಫಿ ಕುಡಿಸಿ, ಗುಂಪಿನಲ್ಲಿ ಅವನ ಬಾಯಿಂದ ನಾಲ್ಕು ಮಾತು ಬರೆಸಬೇಕು, ಆ ಮುಖವಿಲ್ಲದವನ ಬಾಯಿ ಮುಚ್ಚಬೇಕು. ಇದು ನನ್ನ ಲೆಕ್ಕ. ಹಿಂದಿನ ದಿನ ಮಷಿನ್ ಒಳಗೆ ಸುಣ್ಣ ಕಟ್ಟಿದೆ ಎನ್ನಿಸಿತು. ನಮ್ಮ ಬೋರ್ ನೀರಿಗೆ ಕಟ್ಟದೆ ಇರುತ್ತದೆಯೇ. ಬಹಳ ಜನ ನೋಡಿದ ವಿಡಿಯೋ ಒಂದು ಹೇಳಿತು: ಅರ್ಧ ವಿನೆಗರ್, ಅರ್ಧ ನೀರು ಹಾಕಿ ಹಾಯಿಸಿ, ಆಮೇಲೆ ಒಂದು ಟ್ಯಾಂಕ್ ಸಾದಾ ನೀರು ಹಾಯಿಸಿದರೆ ಮುಗಿಯಿತು.

ಆಸಿಡ್ಡಿನಿಂದ ಬಾಯ್ಲರ್ ತೊಳೆದ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲವೇ? ಜೀವನವಿಡೀ ಮಾಡಿದ ಕೆಲಸ. ನೀರು ಬಿಡು, ಲಿಟ್ಮಸ್ ಕಾಗದ ಅದ್ದಿ ಬಣ್ಣ ನೋಡು, ಮತ್ತೆ ನೀರು ಬಿಡು, ಮತ್ತೆ ನೋಡು. ನೀರು ಬರೀ ನೀರಾಗುವವರೆಗೆ ಹಬೆ ಎಬ್ಬಿಸಬೇಡ. ಹೊಸದಾಗಿ ಸೇರಿದವರಿಗೆ ಕಿವಿ ಹಿಂಡಿ ಇದನ್ನು ಹೇಳಿಕೊಟ್ಟವನು ನಾನು. ಆ ನಾನು, ಹಚ್ಚೆ ಹಾಕಿಕೊಂಡವನೊಬ್ಬ ಒಂದು ಟ್ಯಾಂಕ್ ಸಾಕು ಎಂದ ಎಂದು ಒಂದೇ ಟ್ಯಾಂಕಿಗೆ ನಿಲ್ಲಿಸಿದೆ. ಕೆಲಸ ಕಲಿಸಿದ್ದನ್ನು ಮೊಬೈಲಿಗೆ ಮಾರಿದೆ.

ಬೆಳಿಗ್ಗೆ ಅವರು ಬಂದರು. ವೈನಿ ಚುರುಮುರಿ ಒಗ್ಗರಣೆ ಹಾಕಿದ್ದರು. ನಾನು ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ. ಕೆನೆ ನೋಡಲು ಬಂಗಾರ. ಧಾರೆ ಜೇನಿನಂತೆ. ನಾನು ಬಾಯಿಗೆ ಹಚ್ಚಿರಲಿಲ್ಲ. ಮೂವರೂ ಒಟ್ಟಿಗೆ ಲೋಟ ಎತ್ತಿದರು. ವೈನಿ ಎಂದಿನಂತೆ ಕಣ್ಣು ಮುಚ್ಚಿದರು.

ಕಣ್ಣು ತೆರೆದಾಗ ಆ ಮುಖವೇ ಬೇರೆ. ಹುಬ್ಬು ಮೇಲಕ್ಕೆ ಹೋಗಿ, ತುಟಿ ಚೂಪಾಗಿ, ಮದುವೆ ಮನೆಯಲ್ಲಿ ಹುಣಸೆಕಾಯಿ ಕಚ್ಚಿದ ಹುಡುಗಿಯಂತೆ.

“ಹುಳಿ!” ಎಂದರು. ಮತ್ತೊಂದು ಗುಟುಕು ಕುಡಿದರು. “ಹುಳಿ ಐತೋ ತಮ್ಮಾ! ಮಾವಿನಕಾಯಿ ಕಡದಂಗ ಐತಿ! ನನಗ ಹತ್ತಿತೋ!”

ತಮ್ಮಾ ಎಂದರು. ಎಷ್ಟೋ ವರ್ಷಗಳ ನಂತರ, ಅತಿಥಿಗಳ ಮುಂದೆ, ತಮಗೇ ತಿಳಿಯದೆ.

ನಾನು ನನ್ನ ಲೋಟದಿಂದ ಕುಡಿದೆ. ಹುಳಿ ಇತ್ತು. ವಿನೆಗರಿನ ಘಾಟು ಮೂಗಿನಿಂದ ನೆತ್ತಿಗೆ ಏರಿತು. ಯಾವ ಅನುಮಾನವೂ ಇರಲಿಲ್ಲ. ಆ ಕ್ಷಣದಲ್ಲಿ ನನಗೆ ಕಂಡದ್ದು ವೈನಿಯ ಮುಖವಲ್ಲ. ಹಲ್ಲು ಕಿರಿಯುವ ಮುಖಗಳ ಸಾಲು ಕಂಡಿತು. ದೋಷ ಕೈದು.

“ಹುಳಿನೂ ಇಲ್ಲ ಗಿಳಿನೂ ಇಲ್ಲ,” ಎಂದೆ, ನಗುತ್ತ. “ನಿಮಗೆಲ್ಲಿಂದ ರುಚಿ ಬರಬೇಕ್ರಿ ವೈನಿ? ನಿಮ್ಮ ನಾಲಿಗಿ ಸತ್ತು ಎಷ್ಟು ದಿನ ಆತು. ಭ್ರಮಾ ಅದು. ಹತ್ತಬೇಕು ಹತ್ತಬೇಕು ಅಂತ ಕುಂತ್ರ ಹಂಗ ಆಗತೈತಿ.” ಆಮೇಲೆ ಆ ಹುಡುಗನ ಕಡೆ ತಿರುಗಿದೆ. “ಏನಪಾ, ಹುಳಿ ಐತೇನು?”

ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಲೋಟದೊಳಗೆ ನೋಡಿದಳು.

“ಇಲ್ಲ ಅಂಕಲ್. ಚೆನ್ನಾಗುಂಟು,” ಎಂದ.

ಅವನ ಮೇಲೂ ನನಗೆ ಆಮೇಲೆ ಸಿಟ್ಟು ಬಂತು. ಸಭ್ಯತೆಯಂತೆ. ಹಿರಿಯರ ಮನೆಯಲ್ಲಿ ಕೂತು ಹಿರಿಯರ ಕಾಫಿಗೆ ಹೆಸರಿಡಬಾರದಂತೆ. ಆದರೆ ಆ ಸುಳ್ಳನ್ನು ಅವನ ಬಾಯಿಗೆ ತುರುಕಿದವನು ನಾನಲ್ಲವೇ?

ವೈನಿ ನನ್ನನ್ನು ನೋಡಿದರು, ಅವರಿಬ್ಬರನ್ನು ನೋಡಿದರು. ಮೂರು ಬಾಯಿ ಒಂದು ಕಡೆ, ಅವರ ಬಾಯಿ ಒಂದು ಕಡೆ. ಹಿರಿಯ ಗಂಡಸು ಮೊದಲ ತುತ್ತಿಗೆ ಹೇಳಿಯಾಗಿತ್ತು. ಮೇಲೆ ಹೋಗಿದ್ದ ಹುಬ್ಬು ಇಳಿಯಿತು. “ಹೌದೇನ್ರಿ,” ಎಂದರು. “ಇರಬೇಕ್ರಿ.” ಲೋಟವನ್ನು ಮೇಜಿನ ಮೇಲಿಟ್ಟು, ಚುರುಮುರಿ ಇನ್ನಷ್ಟು ತರುತ್ತೇನೆಂದು ಒಳಗೆ ಹೋದರು. ತಟ್ಟೆಗಳು ತುಂಬಿಯೇ ಇದ್ದವು.

ಸಂಜೆ ಆ ಹುಡುಗ ಫೋನ್ ಮಾಡಿದ. “ಅಂಕಲ್, ಬೇಜಾರು ಮಾಡ್ಕೊಳ್ಬೇಡಿ. ಮಷಿನ್ನಲ್ಲಿ ವಿನೆಗರ್ ಉಳಿದಿತ್ತು ಅನ್ನಿಸ್ತದೆ. ಎದುರಿಗೆ ಹೇಳ್ಲಿಕ್ಕೆ ಮುಜುಗರ ಆಯ್ತು. ಇನ್ನೆರಡು ಸಲ ನೀರು ಬಿಟ್ಟುಬಿಡಿ. ಮತ್ತೆ, ಆಂಟಿಗೆ ಹೇಳಿ ಅಂಕಲ್. ಅವರು ಹೇಳಿದ್ದು ಸರಿ ಇತ್ತು. ಇವಳು ವಾಪಸ್ ಬರುವಾಗ ಬಸ್ಸಲ್ಲಿಡೀ ಅದನ್ನೇ ಹೇಳ್ತಿದ್ಳು.”

“ಹೇಳ್ತೀನಪಾ,” ಎಂದೆ.

ವೈನಿ ಆಗ ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಚುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಮಷಿನ್ನಿಗೆ ನೀರು ಬಿಟ್ಟೆ. ಮತ್ತೆ ಬಿಟ್ಟೆ. ಘಾಟು ಹೋಗುವವರೆಗೂ ಬಿಟ್ಟೆ. ಯಂತ್ರದ ಹೊಟ್ಟೆಗೆ ಮಾಡಬೇಕಾದ ನ್ಯಾಯವನ್ನು ಮಾಡಿ ಮುಗಿಸಿದೆ. ಕೋಣೆಗೆ ಹೋಗಲಿಲ್ಲ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅವರು ಮೇಜಿಗೆ ಬರಲಿಲ್ಲ. “ನನಗ ಬ್ಯಾಡ್ರಿ. ಸುಮ್ನ ಪುಡಿ ಖರ್ಚು,” ಎಂದರು. ಅದರ ಮರುದಿನವೂ ಬರಲಿಲ್ಲ. ಕಾಫಿಪುಡಿ, ಲವಂಗ ಮೂಸುವ ಡಬ್ಬಿಗಳು ಮಸಾಲೆ ಇಡುವ ಗೋಡೆಗೂಡಿಗೆ ಹಿಂದಿರುಗಿದವು. ನನಗೆ ಒಂದು ಥರ ಹಗುರವೂ ಆಯಿತು. ಎದುರಿಗೆ ಕಣ್ಣು ಮುಚ್ಚಿ ಕೂರುವವರು ಇಲ್ಲದಿದ್ದರೆ ಸುಳ್ಳು ಮರೆಯುವುದು ಸುಲಭ.

ಆದರೆ ಮರೆಯಲಾಗಲಿಲ್ಲ. ಆ ಬೇಸಿಗೆ ವಿಪರೀತ ಸೆಕೆ. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಒಂದು ದಿನ ಫ್ರಿಜ್ಜಿನ ಹೊರಗೆ ಉಳಿದ ಹಿಂದಿನ ದಿನದ ಬ್ಯಾಳಿ ಸಾರನ್ನು ವೈನಿ ತಾವೇ ಅನ್ನಕ್ಕೆ ಕಲಸಿಕೊಂಡು ಉಂಡರು. ನಾನು ಹೊರಗೆ ಹೋಗಿದ್ದೆ, ನನಗೆ ಬಿಸಿ ಅಡುಗೆ ಮುಚ್ಚಿಟ್ಟಿದ್ದರು. ಹಳೆಯದನ್ನು ಚೆಲ್ಲದೆ ತಾವು ಉಣ್ಣುವುದು ಅವರ ಮೊದಲಿನ ರೂಢಿ. ನಾನು ಬಂದಾಗ ಬಚ್ಚಲ ಗೋಡೆ ಹಿಡಿದು ಕೂತಿದ್ದರು. ವಾಂತಿ ನಿಲ್ಲುತ್ತಿರಲಿಲ್ಲ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಮೂಸಿದೆ. ಬಾಗಿಲಲ್ಲಿ ನಿಂತವನಿಗೂ ಹೊಡೆಯುವಂಥ ಹುಳಿ ನಾತ.

ಆಟೋದಲ್ಲಿ ಹಾಕಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಒಯ್ದೆ. ಸಲೈನ್ ಏರಿಸಿದರು. ಡಾಕ್ಟರಮ್ಮ ಚುರುಕು ಬಾಯಿಯ ಹೆಂಗಸು. ಈ ಊರಿನ ಹಿಂದಿಯಲ್ಲಿ ಕೇಳಿದಳು, “ಅಮ್ಮಾ, ಖಾನಾ ಖರಾಬ್ ಹೋಗಯಾ ಥಾ. ಖಾತೇ ವಖತ್ ಮಾಲೂಮ್ ನೈ ಹುವಾ?” ಊಟ ಕೆಟ್ಟದ್ದು ಉಣ್ಣುವಾಗ ಗೊತ್ತಾಗಲಿಲ್ಲವೇ ಎಂದು.

ವೈನಿ ಅದೇ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಉಣ್ಣುವಾಗ ಹುಳಿ ಅನ್ನಿಸಿತ್ತು. ಚೆನ್ನಾಗಿಯೇ ಅನ್ನಿಸಿತ್ತು. ಆದರೆ ನನ್ನ ಬಾಯಿಗೆ ರುಚಿ ಇಲ್ಲವಲ್ಲ, ಭ್ರಮೆ ಇರಬೇಕು ಅಂದುಕೊಂಡು ಉಂಡುಬಿಟ್ಟೆ ಎಂದು.

“ಭ್ರಮೆ ಅಂತ ಯಾರು ಹೇಳಿದರು ನಿಮಗೆ?” ಎಂದು ಡಾಕ್ಟರಮ್ಮ ಸಿಡುಕಿದಳು. “ರುಚಿ ವಾಪಸ್ ಬರುವುದು ಹೀಗೆಯೇ. ಒಂದೊಂದೇ ಬರುತ್ತದೆ. ಬಂದದ್ದನ್ನು ನಂಬಬೇಕು. ಯಾರು ಹೇಳಿದರು?”

“ಘರ್ ಮೇ ಬೋಲೇ,” ಎಂದರು ವೈನಿ. ಮನೆಯಲ್ಲಿ ಹೇಳಿದರು.

ನನ್ನ ಕಡೆ ನೋಡಲಿಲ್ಲ. ಚುಚ್ಚುವ ದನಿಯೂ ಅಲ್ಲ. ಮನೆಯಲ್ಲಿ ಹೇಳಿದರು ಎಂದರೆ ಅವರಿಗೆ ಅದು ಕಾರಣ, ದೂರಲ್ಲ. ಡಾಕ್ಟರಮ್ಮ ನನ್ನತ್ತ ತಿರುಗಿ, “ನೀವು ಮನೆಯವರಾ? ಇವರಿಗೆ ಸರಿಯಾಗಿ ತಿಳಿಸಿ ಹೇಳಿ,” ಎಂದಳು. ನಾನು ತಲೆಯಾಡಿಸಿದೆ. ಅಲ್ಲೇ ಹೇಳಬಹುದಿತ್ತು. ಮಂಚದ ಪಕ್ಕ ನಿಂತಿದ್ದೆ, ಅವರ ಕೈ ನನ್ನ ಕೈಗೆ ಎಟುಕುತ್ತಿತ್ತು. ಒಂದು ಸಾಲು. ಔಷಧದ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದೆ.

ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೆ ಇಲ್ಲ. ವಿಡಿಯೋದವನು ಒಂದು ಟ್ಯಾಂಕ್ ಎಂದ. ಅವನಿಗೆ ನಾನು ಯಾರೋ, ನಮ್ಮ ನೀರು ಎಂಥದೋ ಗೊತ್ತಿಲ್ಲ. ಗುಂಪಿನವನು ಅಣಕಿಸಿದ. ಅವನಿಗೆ ಬೇರೆ ಕೆಲಸವಿಲ್ಲ. ಇವರನ್ನು ಬೈದು ಬೈದು ನನ್ನ ಬಾಯಿ ಒಣಗಿತು. ಆದರೆ ಅವರ್ಯಾರೂ ನನ್ನ ಮನೆಯ ಮೇಜಿನ ತುದಿಯಲ್ಲಿ ಕೂತಿದ್ದ ಹೆಂಗಸಿನ ನಾಲಿಗೆಯ ಮೇಲೆ ಕಾಲಿಡಲಿಲ್ಲ. ಮುಖ ಕಾಣದ ಜನರ ಸಲಹೆಯನ್ನೆಲ್ಲ ನಂಬಿದೆ. ಎದುರಿಗೆ ಕೂತು, ನನ್ನದೇ ಕಾಫಿ ಕುಡಿದು, ಸತ್ಯ ಹೇಳಿದ ಒಬ್ಬರನ್ನು ನಂಬಲಿಲ್ಲ. ನಂಬಲಿಲ್ಲ ಎನ್ನುವುದೂ ಸುಳ್ಳು. ನಂಬಿದೆ. ನನಗೆ ಗೊತ್ತಿತ್ತು. ಗೊತ್ತಿದ್ದೇ ಅವರ ಬಾಯಿಂದ ರುಚಿ ಕಿತ್ತುಕೊಂಡೆ. ಜ್ವರ ಕಿತ್ತುಕೊಂಡದ್ದು ವಾಪಸ್ ಬರುತ್ತಿತ್ತು. ನಾನು ಕಿತ್ತುಕೊಂಡದ್ದು ಬಂದಿಲ್ಲ.

ಈಗ ನಾನು ಕಾಫಿ ಚೆನ್ನಾಗಿಯೇ ಮಾಡುತ್ತೇನೆ. ಚಿಕೋರಿ ಇಲ್ಲದ ಬೀಜ ತರುತ್ತೇನೆ, ಆಗಿಂದಾಗ ಬೀಸುತ್ತೇನೆ, ಮಟ್ಟವಾಗಿ ಒತ್ತುತ್ತೇನೆ. ಮೊದಲು ನಾನೇ ಕುಡಿದು ನೋಡುತ್ತೇನೆ. ಎಂಜಲಾದರೆ ಆಗಲಿ. ಹುಳಿಯಾದರೆ ಪುಡಿ ಸಣ್ಣ, ಕಹಿಯಾದರೆ ದಪ್ಪ. ಸಾದಾ ಸೀರೆಯ ಆ ಹೆಂಗಸು ಹೇಳಿದ್ದಷ್ಟೇ. ಗುಂಪಿನಲ್ಲಿ ಬರೆದೆ: ಹುಳಿ ನನ್ನ ತಪ್ಪಿನಿಂದಲೇ ಬಂದಿತ್ತು, ನೀವು ಹೇಳಿದ್ದು ಸರಿ, ಕ್ಷಮಿಸಿ. ಆ ಮುಖವಿಲ್ಲದವನಿಗೆ ಕೂಡ ಕ್ಷಮಿಸಿ ಎಂದು ಬರೆಯಲು ನನಗೆ ಬಂತು. ಉಡುಪಿ ಹುಡುಗನಿಗೆ ಫೋನ್ ಮಾಡಿ, ಅವತ್ತು ನಿನ್ನಿಂದ ಸುಳ್ಳು ಹೇಳಿಸಿದೆನಪಾ, ತಪ್ಪಾತು ಎಂದೆ. “ಅಯ್ಯೋ ಬಿಡಿ ಅಂಕಲ್. ಆಂಟಿಗೆ ಹೇಳಿದ್ರಲ್ಲ?” ಎಂದು ಕೇಳಿದ. ಹೂಂ ಎಂದೆ. ಅವನಿಗೆ ಮತ್ತೊಂದು ಸುಳ್ಳು.

ಮೊನ್ನೆ ಒಂದು ಒಳ್ಳೆಯ ಕಾಫಿ ಬಂತು. ಬೆಲ್ಲದ ವಾಸನೆ, ನಾಲಿಗೆಯ ತುದಿಯಲ್ಲಿ ಚೂರೇ ಚೂರು ಹುಳಿ, ಇರಬೇಕಾದಷ್ಟೇ. ಅದೇ ಸ್ಟೀಲ್ ಲೋಟದಲ್ಲಿ ತೆಗೆದುಕೊಂಡು ಅಡುಗೆಮನೆ ಬಾಗಿಲಿಗೆ ಹೋದೆ. ಬಾಗಿಲಲ್ಲಿ ನಿಂತು ಕಾಯುವ ಸರದಿ ನನ್ನದು. ಕುಡಿದರು. ಕಣ್ಣು ಮುಚ್ಚಲಿಲ್ಲ.

“ಹ್ಯಾಂಗ ಐತ್ರಿ?” ಎಂದೆ.

“ನೀವ ಹೇಳ್ರಿ,” ಎಂದರು. “ನನಗೇನ್ ತಿಳೀತೈತಿ.” ಲೋಟ ತೊಳೆದು ಬೋರಲು ಹಾಕಿದರು.

ಅವತ್ತೂ ಹೇಳಲಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಬಡಿಸಿ ಮತ್ತೆ ಕೇಳಿದರು, ಉಪ್ಪು ಸರಿ ಐತಿಲ್ರಿ ಎಂದು. ತುತ್ತು ಕೈಯಲ್ಲೇ ಹಿಡಿದು, ನೀವು ಮೊದಲು ಉಂಡು ಹೇಳಿ ಎನ್ನಬೇಕೆಂದುಕೊಂಡೆ. ಎರಡನೆಯ ತುತ್ತಿಗೆ ಕೈ ಹಾಕಿದೆ. ಎದ್ದು ಕೈ ತೊಳೆದು ಬಂದು ಇದನ್ನು ಬರೆಯಲು ಕೂತೆ.

ಹೇಳಬೇಕಾದ ಸಾಲು ಇದು: ಅವತ್ತು ಹುಳಿ ಇತ್ತು. ನಿಮ್ಮ ನಾಲಿಗೆ ಸರಿ ಇತ್ತು, ಗೊತ್ತಿದ್ದೇ ಸುಳ್ಳು ಹೇಳಿದೆ. ಬರೆದಾಯಿತು. ಬರೆದರೆ ಹೇಳಿದಂತಾಗುವುದಿಲ್ಲ, ಅದೂ ಗೊತ್ತು. ಪರವೂರಿನವರು, ಬಾಡಿಗೆಯವರು, ಮುಖವಿಲ್ಲದವರು, ಎಲ್ಲರ ಹತ್ತಿರ ತಪ್ಪಾಯಿತು ಎಂದಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಬ್ಬರಿಗೆ. ಅವರು ಈಗ ಪಡಸಾಲೆಯಲ್ಲಿ ನಾಳೆಯ ಬ್ಯಾಳಿ ಆರಿಸುತ್ತ ಕೂತಿದ್ದಾರೆ. ಕಾಳು ಮೊರದ ಮೇಲೆ ಬೀಳುವ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ಈ ಊರಿಗೆ ಬಂದ ದಿನ ನನಗೆ ಮೊದಲ ತುತ್ತು ಬಡಿಸಿದವರು, ನನ್ನನ್ನು ತಮ್ಮಾ ಎಂದು ಕರೆದವರು, ನನ್ನ ವೈನಿ.